ಹೇನು ಮೊದಲು, ಬೇಟೆಗಾರರು ಆಮೇಲೆ

ನಮಸ್ಕಾರ. ಈ ವರ್ಷ ಔಷಧಿ ಹೊಡೆಯುವುದನ್ನು ನಿಲ್ಲಿಸಿದ್ದೀರಿ. ಈಗ ಬೀನ್ಸ್ ಬಳ್ಳಿಯ ಕುಡಿಗಳೆಲ್ಲ ಗಿಡದ ರಸ ಹೀರುವ ಕಪ್ಪು ಸಸ್ಯಹೇನಿನಿಂದ ಮುಚ್ಚಿಹೋಗಿವೆ, ಪಕ್ಕದಲ್ಲಿ ತರಕಾರಿ ಬೆಳೆಯುವವರು ‘ಒಂದು ಸಲ ಹೊಡೆದುಬಿಡಿ’ ಅನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಕೊಯ್ಲು ಮುಗಿದ ಮಡಿಗಳನ್ನು ಪೂರ್ತಿ ಗುಡಿಸಿಡಬೇಕಾ ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ. ನನಗಂತೂ ಇವೆರಡೂ ಒಂದೇ ಪ್ರಶ್ನೆ ಅನ್ನಿಸುತ್ತದೆ.

ದಯವಿಟ್ಟು ಹೊಡೆಯಬೇಡಿ. ಇನ್ನೊಂದಿಷ್ಟು ದಿನ ತಡೆಯಿರಿ. ಹೇನು ಗಂಡಿನ ಹಂಗಿಲ್ಲದೆಯೇ ಮರಿ ಹಾಕುತ್ತದೆ. ಬೆಚ್ಚಗಿನ ದಿನಗಳಲ್ಲಿ ಆ ಮರಿ ವಾರ, ಹತ್ತು ದಿನದಲ್ಲಿ ತಾನೂ ಮರಿ ಹಾಕಲು ಶುರು ಮಾಡುತ್ತದೆ. ಹೇನು ತಿನ್ನುವ ಹುಳಗಳಿಗೆ ಅಷ್ಟು ವೇಗ ಇಲ್ಲ. ಅವು ಹೇನು ಇರುವ ಗಿಡ ಹುಡುಕಿ ಬರಬೇಕು, ಮೊಟ್ಟೆ ಇಡಬೇಕು, ಮೊಟ್ಟೆ ಒಡೆಯಬೇಕು. ಆ ನಡುವಿನ ದಿನಗಳಲ್ಲೇ ನಮ್ಮ ಕೈ ಔಷಧಿ ಡಬ್ಬಿಗೆ ಹೋಗುವುದು. ಹೊಡೆದರೆ ಎರಡೂ ಸಾಯುತ್ತವೆ. ಆದರೆ ಅಲ್ಲಿ ಇಲ್ಲಿ ಉಳಿದ ಹೇನು ಮತ್ತೆ ಬೇಗ ಹೆಚ್ಚುತ್ತದೆ, ಆಗ ತಿನ್ನುವವರು ಯಾರೂ ಇರುವುದಿಲ್ಲ.

ಇವತ್ತೇ ಹೋಗಿ ಎಲೆಗಳ ಅಡಿ ನೋಡಿ. ಕಪ್ಪು ಮೈ, ಕಿತ್ತಳೆ ಮಚ್ಚೆ, ಪುಟಾಣಿ ಮೊಸಳೆಯಂಥ ಹುಳ ಕಂಡರೆ ಹೊಸಕಬೇಡಿ. ಅದು ಹೇನು ತಿನ್ನುವ ಗುಲಗಂಜಿ ಹುಳದ ಮರಿ. ದೊಡ್ಡ ಹುಳಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ, ಹಾಗಾಗಿ ಎಷ್ಟೋ ಜನ ಪೀಡೆ ಅಂದುಕೊಂಡು ಕೊಲ್ಲುತ್ತಾರೆ. ಹೇನು ಉಬ್ಬಿ, ಕಂದು ಬಣ್ಣಕ್ಕೆ ತಿರುಗಿ, ಅಲ್ಲಾಡದೆ ಕೂತಿದ್ದರೆ ಇನ್ನೂ ಒಳ್ಳೆಯದು. ಅದರೊಳಗೆ ಸಣ್ಣ ಕಣಜದ ಮರಿ ಬೆಳೆಯುತ್ತಿರುತ್ತದೆ. ಇವು ಯಾವುದೂ ಕಾಣದಿದ್ದರೆ ಹೇನು ಹತ್ತಿದ ತುದಿ ಚಿವುಟಿಹಾಕಿ, ಇಲ್ಲವೇ ನೀರು ಜೋರಾಗಿ ಬಿಟ್ಟು ಉದುರಿಸಿ. ಬಳ್ಳಿಯ ಮೇಲೆ ಇರುವೆ ಸಾಲು ಇದೆಯಾ ಅಂತಲೂ ನೋಡಿ. ಹೇನಿನ ಸಿಹಿ ರಸಕ್ಕಾಗಿ ಇರುವೆಗಳು ಅದನ್ನು ಕಾಯುತ್ತವೆ, ಬೇಟೆಗಾರರನ್ನು ಓಡಿಸುತ್ತವೆ.

ಆ ಕಣಜಕ್ಕೆ ದೊಡ್ಡದಾದ ಮೇಲೆ ಬೇಕಾದದ್ದು ಮಕರಂದ. ಕೊತ್ತಂಬರಿ, ಸಬ್ಬಸಿಗೆಯ ನಾಲ್ಕು ಗಿಡ ಕೀಳದೆ ಹೂ ಬಿಡಲು ಬಿಡಿ. ಯಾವ ಕಾಲದಲ್ಲೂ ಏನಾದರೊಂದು ಅರಳಿರುವಂತೆ ನೋಡಿಕೊಂಡರೆ ಸಾಕು.

ಇನ್ನು ಗುಡಿಸುವ ಮಾತು. ರೋಗ ಬಂದ ಗಿಡಗಳನ್ನು ತೆಗೆಯಿರಿ, ಉಳಿದದ್ದನ್ನು ಬಿಡಿ. ತರಗೆಲೆಯ ಕೆಳಗೆ, ಟೊಳ್ಳು ಕಡ್ಡಿಗಳೊಳಗೆ ಈ ಹುಳಗಳೇ ಚಳಿಯನ್ನೋ ಬೇಸಿಗೆಯನ್ನೋ ಕಳೆಯುತ್ತವೆ. ಆ ಎಲೆ, ಕಡ್ಡಿ ಸುಟ್ಟರೆ ಮುಂದಿನ ಸಲ ಹೇನು ತಿನ್ನುವವರು ಎಲ್ಲಿಂದ ಬರಬೇಕು? ಬಿಸಿಲು ಬೀಳುವ ಒಂದು ಮೂಲೆಯಲ್ಲಿ ಮಣ್ಣನ್ನು ಅಗೆಯದೆ, ಏನೂ ಹೊದಿಸದೆ ಬಿಡಿ. ಜಗತ್ತಿನಲ್ಲಿ 20,000ಕ್ಕೂ ಜಾಸ್ತಿ ಬಗೆಯ ಜೇನುಗಳಿವೆ, ಅವುಗಳಲ್ಲಿ ಹೆಚ್ಚಿನವು ಗೂಡು ಮಾಡುವುದು ನೆಲದೊಳಗೆ. ಟೊಮೆಟೊ, ಬದನೆ ಬೆಳೆಯುವವರಿಗೆ ಇವು ತುಂಬಾ ಬೇಕು. ಆ ಹೂಗಳ ಪರಾಗ ಕೊಳವೆಯೊಳಗೆ ಅಡಗಿರುತ್ತದೆ. ಹೂವನ್ನು ಹಿಡಿದು ಗುಂಯ್ ಎಂದು ಮೈ ಅದುರಿಸಿದರೆ ಚೆನ್ನಾಗಿ ಉದುರುತ್ತದೆ. ನಾವು ಸಾಕುವ ಜೇನಿಗೆ ಆ ವಿದ್ಯೆ ಬರುವುದಿಲ್ಲ. ದೊಡ್ಡ ದುಂಬಿಗಳಿಗೆ, ನೆಲದ ಎಷ್ಟೋ ಒಂಟಿ ಜೇನುಗಳಿಗೆ ಬರುತ್ತದೆ.

ಒಣ ದಿನಗಳಲ್ಲಿ ಈ ಹುಳಗಳು ಕುಡಿಯಲು ಅಗಲ ತಟ್ಟೆಯಲ್ಲಿ ಕಲ್ಲು ಹಾಕಿ ನೀರಿಡಿ, ಎರಡು ದಿನಕ್ಕೊಮ್ಮೆ ಬದಲಿಸಿ. ಇಲ್ಲದಿದ್ದರೆ ಸೊಳ್ಳೆ ಆಗುತ್ತದೆ.

ಈ ಸಲ ಒಂದಷ್ಟು ಬೀನ್ಸ್ ಕೈಬಿಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಔಷಧಿ ಬಿಟ್ಟ ಮೊದಲ ವರ್ಷವೇ ಕಷ್ಟದ್ದು. ಪಕ್ಕದವರು ಹೊಡೆಯಲೇಬೇಕು ಅಂದರೆ, ಗಾಳಿ ಇರುವಾಗ ಬೇಡ, ಹೂ ಬಿಟ್ಟ ಗಿಡಕ್ಕೆ ಬೇಡ ಎಂದು ಕೇಳಿಕೊಳ್ಳಿ.

— ಸಂಪಾದಕ