ಅರ್ಧ ಕ್ಯಾರೆಟ್‌ನ ಎರಡು ವಜ್ರ, ಬಣ್ಣ, ಕ್ಲಾರಿಟಿ (ಒಳಗಿನ ಸ್ವಚ್ಛತೆ) ಎರಡೂ ಒಂದೇ. ಒಂದು ಮಾತ್ರ ಹೆಚ್ಚು ಮಿಂಚುವುದು ಯಾಕೆ?

ತಂಗಿಯ ನಿಶ್ಚಿತಾರ್ಥಕ್ಕೆ ಬಳ್ಳಾರಿಯಲ್ಲೇ ಉಂಗುರ ನೋಡುತ್ತಿದ್ದೀರಿ. ದುಬಾರಿ ಕಲ್ಲು ತೋರಿಸಿ ಅಂಗಡಿಯವರು ‘ಇದರ ಕಟ್ ಚೆನ್ನಾಗಿದೆ’ ಅಂದರಂತೆ, ನಂಬಬೇಕಾ ಅಂತ ಕೇಳಿದ್ದೀರಿ. ಇದೇ ಊರಲ್ಲಿ ಹರಳು ಕೂರಿಸುವ ಕೆಲಸ ನನ್ನದು. ಅವರು ಹೇಳಿದ್ದು ಸರಿಯಿರಬಹುದು, ಆದರೆ ನೀವೇ ನೋಡಿ ತೀರ್ಮಾನಿಸಿ.

ಕಟ್ ಅಂದರೆ ಆಕಾರವಲ್ಲ, ಮುಖಗಳ ಕೋನ ಮತ್ತು ಅಳತೆ. ಮೇಲಿಂದ ಹೊಕ್ಕ ಬೆಳಕು ತಳದ ಒಂದು ಬದಿಗೆ ಬಡಿದು, ಎದುರು ಬದಿಗೆ ಜಿಗಿದು, ಮತ್ತೆ ಮೇಲಿಂದಲೇ ಹೊರಬರಬೇಕು. ವಜ್ರದ ಒಳಗೋಡೆಗೆ ಲಂಬದಿಂದ ಸುಮಾರು 24 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಿದ್ದ ಬೆಳಕು ಆಚೆ ಹೋಗುವುದಿಲ್ಲ, ಪೂರ್ತಿ ಪ್ರತಿಫಲಿಸುತ್ತದೆ. ದುಂಡು ಕಲ್ಲಿನ ತಳಕ್ಕೆ 40.75, ಮೇಲ್ಭಾಗಕ್ಕೆ 34.5 ಡಿಗ್ರಿ ಅಂತ ವಜ್ರ ಕತ್ತರಿಸುವ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲೇ ಲೆಕ್ಕ ಕೊಟ್ಟರು. ಇವತ್ತಿಗೂ ಒಳ್ಳೆಯ ಕಲ್ಲುಗಳು ಅದರ ಆಸುಪಾಸಿನಲ್ಲೇ ಇರುತ್ತವೆ.

ತಳ ತೀರಾ ಚಪ್ಪಟೆಯಾದರೆ ಬೆಳಕು ಕೆಳಗಿಂದ ಸೋರಿಹೋಗಿ, ನಡುವೆ ಮೀನಿನ ಕಣ್ಣಿನಂಥ ಮಂಕು ಉಂಗುರ ಕಾಣುತ್ತದೆ. ತೀರಾ ಆಳವಾದರೆ ನಡುಭಾಗ ಕಪ್ಪಾಗುತ್ತದೆ. ಆಳದ ಕಲ್ಲಿನಲ್ಲಿ ಇನ್ನೊಂದು ನಷ್ಟವೂ ಇದೆ. ತೂಕವೆಲ್ಲ ಕೆಳಗೇ ಅಡಗಿರುತ್ತದೆ. ಸರಿಯಾಗಿ ಕತ್ತರಿಸಿದ ಅರ್ಧ ಕ್ಯಾರೆಟ್ ಅಡ್ಡಕ್ಕೆ ಸುಮಾರು 5.1 ಮಿಲಿಮೀಟರ್ ಬರುತ್ತದೆ, ಆಳದ ಕಲ್ಲು ಅದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ನೀವು ಕೊಡುವ ದುಡ್ಡು ಮಾತ್ರ ಪೂರ್ತಿ ತೂಕಕ್ಕೆ. ಕಚ್ಚಾ ಕಲ್ಲಿನ ತೂಕ ಉಳಿಸಿಕೊಳ್ಳುವ ಆಸೆಗೆ ಹೀಗೆ ಕತ್ತರಿಸುವವರಿದ್ದಾರೆ.

ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ಎಂಥ ಕಲ್ಲೂ ಮಿಂಚುತ್ತದೆ. ಬಾಗಿಲ ಹತ್ತಿರ, ನೆರಳಿನಲ್ಲಿ ಎರಡನ್ನೂ ಪಕ್ಕಪಕ್ಕ ಇಡಿಸಿ, ಮೆಲ್ಲಗೆ ಓರೆಮಾಡಿ ನೋಡಿ. ಅಲ್ಲೂ ಅಂಚಿನವರೆಗೆ ಬೆಳಗುವ ಕಲ್ಲು ಒಳ್ಳೆಯದು. ನಮ್ಮೂರ ಮಧ್ಯಾಹ್ನದ ಬಿಸಿಲಿಗೆ ಹಿಡಿದು ಅಳೆಯಬೇಡಿ. ನೇರ ಬಿಸಿಲಲ್ಲಿ ಒಳ್ಳೆಯ ವಜ್ರವೂ ಕಪ್ಪಗೆ ಕಂಡು, ಅಲ್ಲಲ್ಲಿ ಬಣ್ಣದ ಕಿಡಿ ಮಾತ್ರ ಹಾರಿಸುತ್ತದೆ. ಬೇವಿನ ಎಲೆಗಳ ನಡುವಿಂದ ಇಳಿದ ಬೆಳಕಿನಲ್ಲಿ ಅದೇ ಕಲ್ಲನ್ನು ನೋಡಬೇಕು, ಎಷ್ಟು ಚೆಂದ!

ಜಿಐಎ (ಅಮೆರಿಕದ ರತ್ನ ಪರೀಕ್ಷಾ ಸಂಸ್ಥೆ) ಸರ್ಟಿಫಿಕೇಟ್ ಇದ್ದರೆ ಕಟ್ ಗ್ರೇಡ್ ಓದಿ. ದುಂಡಗೆ ಕತ್ತರಿಸಿದ ಬ್ರಿಲಿಯಂಟ್ ಕಲ್ಲಿಗೆ ಎಕ್ಸಲೆಂಟ್‌ನಿಂದ ಪೂರ್‌ವರೆಗೆ ಐದು ಗ್ರೇಡ್. ಬಜೆಟ್ ಸಾಲದಿದ್ದರೆ ಬಣ್ಣದಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಹಳದಿ ಚಿನ್ನದಲ್ಲಿ ಕಲ್ಲಿನ ಆ ನಸುಹಳದಿ ಛಾಯೆ ಗೊತ್ತೇ ಆಗುವುದಿಲ್ಲ. ಕಟ್‌ನಲ್ಲಿ ಮಾತ್ರ ಇಳಿಯಬೇಡಿ.

ಹೋಲಿಸುವ ಮೊದಲು ಎರಡು ಕಲ್ಲನ್ನೂ ಒರೆಸಿಸಿ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಕೈಯಿಂದ ಕೈಗೆ ಓಡಾಡಿದ ಕಲ್ಲು ಎಂಥ ಕಟ್‌ನದಾದರೂ ಮಂಕಾಗಿಯೇ ಕಾಣುತ್ತದೆ.