ಕ್ಯಾಂಟೀನಿನಲ್ಲಿ ಹೇಳಿದ ಊರು

ಈತನನ್ನು ಬಸವರಾಜ ಎಂದು ಕರೆಯೋಣ. ಇಲ್ಲಿ ಬರುವ ಎಲ್ಲರ ಗುರುತನ್ನೂ ಬದಲಿಸಿದ್ದೇನೆ. ಬರೆಯಲು ಆತ ಒಪ್ಪಿದ್ದಾನೆ.

ಐಟಿಐ ಓದಿ ಬಳ್ಳಾರಿ ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವ ಹುಡುಗ. ನಿದ್ದೆ ಬರುತ್ತಿಲ್ಲ ಎಂದು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದ. ನೈಟ್ ಶಿಫ್ಟ್ ಇರಬಹುದೆಂದು ಮೊದಲು ಅದನ್ನೇ ವಿಚಾರಿಸಿದೆ. ಡೇ ಶಿಫ್ಟಿನ ವಾರದಲ್ಲೂ ಅದೇ ಕಥೆ. ವಿಷಯ ಹೊರಬರಲು ಸ್ವಲ್ಪ ಸಮಯ ಹಿಡಿಯಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಕ್ಯಾಂಟೀನಿನಲ್ಲಿ ಯಾರೋ ಯಾವೂರು, ಹೊಲ ಎಷ್ಟು, ರಜೆಯಲ್ಲಿ ಏನು ಮಾಡ್ತೀಯ ಎಂದು ಕೇಳಿದ್ದಾರೆ. ಗಂಗಾವತಿ ಕಡೆ, ನಾಲ್ಕು ಎಕರೆ ಭತ್ತದ ಗದ್ದೆ, ಬಿಡುವಾದಾಗ ಕ್ರಿಕೆಟ್ ಎಂದು ಈತ ಹೇಳಿಬಿಟ್ಟಿದ್ದಾನೆ. ನಿಜವಾಗಿ ಊರು ಕುಷ್ಟಗಿ ಕಡೆಯದು. ಮಳೆ ನಂಬಿದ ಹೊಲ. ಸುಗ್ಗಿ ಮುಗಿದ ಕೂಡಲೇ ಅಪ್ಪ ಅವ್ವ ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಿದ್ದರು. ಬಾಲ್ಯದ ಎಷ್ಟೋ ತಿಂಗಳು ತಗಡಿನ ಶೆಡ್ಡಿನಲ್ಲೇ ಕಳೆದಿವೆ. ಮಧ್ಯೆ ಮಧ್ಯೆ ಶಾಲೆ ತಪ್ಪಿದೆ. ಊರಿನ ಹುಡುಗರು ಅದನ್ನೇ ಹಿಡಿದು ಆಡಿಕೊಂಡಿದ್ದಾರೆ. ಇನ್ನು ರಜೆಯಲ್ಲಿ ಈತ ಮಾಡುವುದು ದೊಡ್ಡಾಟದ ಹಿಮ್ಮೇಳದಲ್ಲಿ ಮದ್ದಲೆ ಬಾರಿಸುವುದು.

ಒಂದೇ ಕೊಪ್ಪಳ ಜಿಲ್ಲೆ ಹೌದು. ಆದರೆ ತುಂಗಭದ್ರೆಯ ಎಡದಂಡೆ ಕಾಲುವೆ ಹರಿಯುವ ಗಂಗಾವತಿಯ ಬದುಕೇ ಬೇರೆ, ಮುಗಿಲು ನೋಡುವ ಕುಷ್ಟಗಿ, ಯಲಬುರ್ಗಾದ ಬದುಕೇ ಬೇರೆ. ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಕ್ಯಾಂಟೀನಿನಲ್ಲಿ ಎಲ್ಲರೂ ಈತನನ್ನೇ ಕೇಳಿದರು: "ನಿಮ್ಮ ಭತ್ತದ ಗತಿ ಏನಪ್ಪಾ?" ಇಲ್ಲದ ಗದ್ದೆಯ ನಾಟಿ ಖರ್ಚು, ಅಪ್ಪನ ಚಿಂತೆ ಎಲ್ಲವನ್ನೂ ಈತ ಹುಟ್ಟಿಸಿ ಹೇಳಬೇಕಾಯಿತು. ಒಬ್ಬ ಗೆಳೆಯ ಪಕ್ಕಕ್ಕೆ ಕರೆದು, ಬೇಕಾದರೆ ದುಡ್ಡು ಕೊಡುತ್ತೇನೆ ಎಂದನಂತೆ. "ಅವತ್ತಿಂದ ನಿದ್ದಿ ಹೋತ್ರಿ ಮೇಡಂ," ಎಂದ. ಮೇಲಾಗಿ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಎಲ್ಲರೂ ಬರುವವರಿದ್ದರು. ದಾಸೋಹದಲ್ಲಿ ಉಂಡು, ಅಲ್ಲಿಂದ ಈತನ ಮನೆಗೆ!

ನಾನು ಈತನನ್ನು ಸುಳ್ಳುಗಾರ ಎಂದು ನೋಡಲಿಲ್ಲ. ಚಿಕ್ಕಂದಿನಲ್ಲಿ ಪೆಟ್ಟು ತಿಂದ ಜಾಗವನ್ನು ಮುಚ್ಚಿಕೊಂಡಿದ್ದ, ಅಷ್ಟೇ. ಗುಟ್ಟುಗಳ ಬಗ್ಗೆ ಮನಶ್ಶಾಸ್ತ್ರಜ್ಞ ಮೈಕೇಲ್ ಸ್ಲೆಪಿಯನ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಸರಿಯಾಗಿ ಹೊಂದುತ್ತದೆ. ಜನರ ಮುಂದೆ ಮುಚ್ಚಿಡುವುದಕ್ಕಿಂತ, ಒಬ್ಬರೇ ಇದ್ದಾಗ ಮನಸ್ಸು ಮತ್ತೆ ಮತ್ತೆ ಆ ಗುಟ್ಟಿನ ಕಡೆಗೇ ಹೋಗುವುದು ಜಾಸ್ತಿ. ನೆಮ್ಮದಿ ಕೆಡುವುದೂ ಅದರಿಂದಲೇ. ಬಸವರಾಜನಿಗೂ ಕ್ಯಾಂಟೀನಿಗಿಂತ ಹಾಸಿಗೆಯೇ ಕಷ್ಟದ ಜಾಗವಾಗಿತ್ತು.

ಎಲ್ಲರ ಮುಂದೆ ನಿಂತು ಒಪ್ಪಿಕೊಂಡುಬಿಡಲಾ ಎಂದು ಕೇಳಿದ. ಬೇಡ ಎಂದೆ. ಮೊದಲು ತನ್ನ ವಿಷಯಗಳನ್ನು ಬೇರೆ ಬೇರೆ ಮಾಡಲು ಹೇಳಿದೆ. ಮದ್ದಲೆ ಆತನದೇ, ಯಾರನ್ನೂ ಕೇಳದೆ ಹೇಳಬಹುದು. ಗುಳೆ ಹೋಗಿದ್ದು ಇಡೀ ಮನೆಯ ಅನುಭವ, ಅಪ್ಪ ಅವ್ವನನ್ನು ಒಂದು ಮಾತು ಕೇಳಬೇಕು. ಮೇಸ್ತ್ರಿಯ ಹತ್ತಿರ ಅಪ್ಪ ಪಡೆದ ಮುಂಗಡ, ಅದರ ಸಾಲ ಅಪ್ಪನ ವಿಷಯ. ಅದನ್ನು ಗೆಳೆಯರಿಗೆ ಹೇಳುವ ಅಗತ್ಯವೇ ಇಲ್ಲ. ಯಾರಾದರೂ ಕೇಳಿದರೆ "ಅದು ಮನೆ ವಿಷಯ" ಎಂದರೆ ಸಾಕು. ಹೇಳದೆ ಇರಲು ಆತನಿಗೆ ಪೂರ್ತಿ ಹಕ್ಕಿದೆ. ಆದರೆ ಹೇಳದೆ ಇರುವ ಜಾಗದಲ್ಲಿ ಕಟ್ಟುಕಥೆ ತುಂಬಿದರೆ, ಅದನ್ನು ದಿನಾ ಕಾಯಬೇಕಾಗುತ್ತದೆ.

ಮದ್ದಲೆಯಿಂದಲೇ ಶುರು ಮಾಡಿ ಎಂದೆ. ಇಷ್ಟದ ವಿಷಯ ಹೇಳುವಾಗ ದನಿ ತಾನಾಗಿ ಗಟ್ಟಿಯಾಗುತ್ತದೆ. ಊರಿನ ವಿಷಯವನ್ನು ಮಾತ್ರ ಮೊದಲು ಒಬ್ಬರಿಗೆ ಹೇಳಬೇಕು, ಅದೂ ದುಡ್ಡು ಕೊಡಲು ಬಂದ ಆ ಗೆಳೆಯನಿಗೆ. ಆತನಿಗೆ ನಿಜ ಸಲ್ಲಬೇಕು. ಏನು ಹೇಳಬೇಕು ಎಂಬುದನ್ನು ಇಬ್ಬರೂ ಕೂತು ಬರೆದೆವು: "ನಮ್ಮದು ಕುಷ್ಟಗಿ ಕಡೆ. ಗದ್ದೆ ಇಲ್ಲ. ಚಿಕ್ಕವನಿದ್ದಾಗ ಮನೆಯವರೆಲ್ಲ ದುಡಿಯೋಕೆ ಮಂಗಳೂರಿಗೆ ಹೋಗ್ತಿದ್ವಿ. ಮೊದಲು ಬೇರೆ ಹೇಳಿದ್ದೆ, ತಪ್ಪಾಯ್ತು." ಇಷ್ಟೇ. ಅಳು, ಸಮಜಾಯಿಷಿ, ಬಡತನದ ಉದ್ದ ಕಥೆ ಏನೂ ಬೇಡ. ಅವರು ಕೇಳಿದರೆ ಮುಂದಿನದು. ಇದರ ಜೊತೆಗೆ ಸರಿರಾತ್ರಿ ಮನಸ್ಸು ತೀರಾ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಲು ತಿಳಿಸಿದೆ. ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡುತ್ತಾರೆ.

ಅವ್ವ ಮೊದಲು ಬೇಡ ಅಂದರಂತೆ. ಅಪ್ಪ "ದುಡದು ತಿಂದೀವಿ, ಕದ್ದಿಲ್ಲ, ಹೇಳು" ಅಂದರಂತೆ.

ಗೆಳೆಯ ಸಿಟ್ಟಾಗಲಿಲ್ಲ. ಸುಮ್ಮನೆ ಕೇಳಿ ತನ್ನ ಮನೆಯ ವಿಷಯ ತೆಗೆದ. ಆತನ ಅಪ್ಪ ಅದಿರು ಸಾಗಿಸಲು ಸಾಲ ಮಾಡಿ ಲಾರಿ ಕೊಂಡಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಕಂತು ಕಟ್ಟಲಾಗದೆ ಲಾರಿ ಕೈಬಿಟ್ಟಿತು. ಅದನ್ನು ಆತ ಯಾರಿಗೂ ಹೇಳಿರಲಿಲ್ಲವಂತೆ. ಒಬ್ಬರು ತಮ್ಮದನ್ನು ಹೇಳಿದಾಗ ಇನ್ನೊಬ್ಬರಿಗೂ ಬಾಯಿ ಬರುವುದನ್ನು ನಾನು ತುಂಬ ಸಲ ನೋಡಿದ್ದೇನೆ, ಪ್ರತಿ ಸಲವೂ ಮನಸ್ಸು ತುಂಬಿ ಬರುತ್ತದೆ.

ವಿಷಯ ಉಳಿದವರಿಗೂ ಗೊತ್ತಾದಾಗ ಎಲ್ಲರೂ ಹಾಗಿರಲಿಲ್ಲ. ಒಬ್ಬ ಕೆಲವು ದಿನ "ಗದ್ದೆ ಗೌಡ್ರು ಬಂದ್ರು" ಎಂದು ಕಾಡಿಸಿದ. ಅದು ನೋವು ಕೊಟ್ಟಿತು. ಅವನ ಬಾಯಿ ಮುಚ್ಚಿಸಲು ಹೋಗಬೇಡಿ, ಉಳಿದವರ ಜೊತೆ ಮಾತು ಬಿಡಬೇಡಿ ಎಂದಿದ್ದೆ. ಹಾಗೆಯೇ ನಡೆದುಕೊಂಡ. ಜಾತ್ರೆಗೆ ಮೂವರು ಬಂದರು, ಕುಷ್ಟಗಿ ಕಡೆಯ ಮನೆಗೂ ಹೋದರು. ನಿದ್ದೆ ಈಗ ಮೊದಲಿಗಿಂತ ವಾಸಿ.

ಕಳೆದ ಭೇಟಿಯಲ್ಲಿ ಹೊಸ ಪ್ರಶ್ನೆ ತಂದಿದ್ದ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ, ಅಲ್ಲಿಯೂ ಸಾಲದ ಮಾತು "ಮನೆ ವಿಷಯ" ಎಂದರೆ ನಡೆಯುತ್ತದೆಯೇ? ನಡೆಯುವುದಿಲ್ಲ ಎಂದೆ. ಮದುವೆಯಾದರೆ ಆ ಸಾಲದಲ್ಲಿ ಆ ಹುಡುಗಿಯೂ ಬದುಕಬೇಕು. ಸಂಬಳ ಎಷ್ಟು, ಕೆಲಸ ಕಾಯಂ ಹೌದೋ ಅಲ್ಲವೋ, ಸಾಲ ಎಷ್ಟಿದೆ ಎಂಬುದನ್ನು ನಿಶ್ಚಿತಾರ್ಥಕ್ಕೆ ಮುಂಚೆಯೇ ಆಕೆಗೆ ನೇರವಾಗಿ ಹೇಳಬೇಕು, ಹಿರಿಯರ ಬಾಯಿಂದಲ್ಲ. ಅಪ್ಪನ ಜೊತೆ ಕೂತು ಸಾಲದ ಲೆಕ್ಕ ಬರೆದು ತರಲು ಹೇಳಿ ಕಳಿಸಿದ್ದೇನೆ.