ಕೊನೆಯ ಪುಟದ ‘ವಿಶೇಷ ಗೆಳತಿ’

ಆಕೆ ಅಮೆರಿಕದ ನಾರ್ತ್ ಕೆರೊಲೈನಾದ ಕಪ್ಪು ಸಮುದಾಯದ ಗಾಯಕಿ. ಜನಪದವೂ ಸೋಲ್ ಸಂಗೀತವೂ ಬೆರೆತ ಹಾಡುಗಳನ್ನು ತಾವೇ ಕಟ್ಟಿ ಗಿಟಾರ್ ಹಿಡಿದು ಹಾಡುತ್ತಾರೆ. ತಾವು ಕ್ವಿಯರ್, ಹೆಣ್ಣನ್ನು ಪ್ರೀತಿಸುವ ಹೆಣ್ಣು, ಎಂಬುದನ್ನು ವೇದಿಕೆಯ ಮೇಲೆ ಎಂದೂ ಮುಚ್ಚಿಟ್ಟವರಲ್ಲ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಆಪ್ತಸಮಾಲೋಚನೆ ಮಾಡುವ ನನ್ನ ಬಳಿ ಬಂದಾಗ ಹೇಳಿದ್ದು ಗಂಟಲಿನ ತೊಂದರೆ. ಮೇಲಿನ ಸ್ವರಕ್ಕೆ ಏರುವಾಗ ಗಂಟಲು ಕಟ್ಟಿಬಿಡುತ್ತಿತ್ತು. ವೈದ್ಯರು ಪರೀಕ್ಷಿಸಿ ಧ್ವನಿತಂತುಗಳಲ್ಲಿ ದೋಷವಿಲ್ಲ ಎಂದಿದ್ದರು. ಹೊಸ ಆಲ್ಬಮ್‌ಗೆ ಏಳು ಹಾಡು ಸಿದ್ಧವಾಗಿದ್ದವು. ಎಲ್ಲವೂ ಶೋಕದ ಬಗ್ಗೆ, ಶೋಕದಿಂದ ಚೇತರಿಸಿಕೊಳ್ಳುವ ಬಗ್ಗೆ. ಒಂಬತ್ತು ವರ್ಷ ಜೊತೆಗೆ ಬಾಳಿದ ಸಂಗಾತಿ ಹೃದಯದ ಕಾಯಿಲೆಯಿಂದ ತೀರಿಕೊಂಡು ಆಗ ಹದಿನಾಲ್ಕು ತಿಂಗಳಾಗಿತ್ತು.

“ಏಳು ಹಾಡಿನಲ್ಲೂ ಕೊನೆಯ ನುಡಿಗೆ ಬರುವಷ್ಟರಲ್ಲಿ ನಾನು ಗುಣವಾಗಿರುತ್ತೇನೆ. ಮನೆಗೆ ಬಂದರೆ ಅವಳ ಕೋಟು ಇನ್ನೂ ಗೂಟದಲ್ಲೇ ಇದೆ” ಎಂದರು.

ನಾನು ಅಲ್ಲಿ ಒಂದು ತಪ್ಪು ಮಾಡಿದೆ. “ನೀವು ತುಂಬ ಗಟ್ಟಿ” ಎಂದೆ. ಅವರು ಮಾತು ನಿಲ್ಲಿಸಿದರು. ಕಪ್ಪು ಹೆಣ್ಣುಮಕ್ಕಳು ಹುಟ್ಟಿದಾಗಿನಿಂದ ಕೇಳುವ ಹೊಗಳಿಕೆ ಅದು. ಗಟ್ಟಿಗಿತ್ತಿಗೆ ಅಳುವ ಹಕ್ಕಿಲ್ಲ, ಸಹಾಯ ಕೇಳುವ ಹಕ್ಕಿಲ್ಲ. ಮುಂದಿನ ವಾರ ಕ್ಷಮೆ ಕೇಳಿದೆ. ಅದಾದ ಮೇಲೆಯೇ ಅವರು ಚೀಲದಿಂದ ಸಂಗಾತಿಯ ಅಂತ್ಯಕ್ರಿಯೆಯ ಕಿರುಪುಸ್ತಕ ತೆಗೆದದ್ದು.

ಅಲ್ಲಿನ ಕಪ್ಪು ಚರ್ಚ್‌ಗಳಲ್ಲಿ ಅಂತ್ಯಕ್ರಿಯೆಗೆ ಹೋಮ್‌ಗೋಯಿಂಗ್, ಅಂದರೆ ದೇವರ ಮನೆಗೆ ಮರಳುವುದು, ಎನ್ನುತ್ತಾರೆ. ಬಂದವರಿಗೆಲ್ಲ ಬಣ್ಣದ ಚಿತ್ರಗಳಿರುವ ಕಿರುಪುಸ್ತಕ ಕೊಡುತ್ತಾರೆ: ತೀರಿಕೊಂಡವರು ಯಾರ ಮಗಳು, ಎಲ್ಲಿ ಓದಿದರು, ಯಾರನ್ನೆಲ್ಲ ಅಗಲಿದ್ದಾರೆ. ನಮ್ಮ ಪತ್ರಿಕೆಗಳ ಶ್ರದ್ಧಾಂಜಲಿಯ ಕೆಳಗೆ ‘ದುಃಖತಪ್ತರು’ ಎಂದು ಬರುತ್ತದಲ್ಲ, ಅಂಥದೇ ಪಟ್ಟಿ. ಆದರೆ ಅದರ ತೂಕ ಬೇರೆ. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ವಯಸ್ಸು, ಲಿಂಗ ಬರೆದುಕೊಂಡರೇ ಹೊರತು ಸಾಮಾನ್ಯವಾಗಿ ಹೆಸರು ಬರೆಯಲಿಲ್ಲ. ಅವರೆಲ್ಲ ಹೆಸರಿನೊಂದಿಗೆ ಎಣಿಕೆಯಾದದ್ದು 1870ರಲ್ಲಿ. ಹೆಸರಿಗಾಗಿ ಅಷ್ಟು ಕಾದ ಜನಕ್ಕೆ ಈ ಕಿರುಪುಸ್ತಕ ವಂಶದ ದಾಖಲೆಯೂ ಹೌದು. ಎಷ್ಟೋ ಮನೆಗಳಲ್ಲಿ ಬೈಬಲಿನೊಳಗೆ ಇಟ್ಟು ಕಾಪಾಡುತ್ತಾರೆ.

ಆ ದಾಖಲೆಯಲ್ಲಿ ಈಕೆಯ ಹೆಸರು ಕೊನೆಯ ಪುಟದಲ್ಲಿತ್ತು. ಚಿಕ್ಕಪ್ಪ, ದೊಡ್ಡಪ್ಪಂದಿರ ಮಕ್ಕಳೆಲ್ಲ ಮುಗಿದ ಮೇಲೆ, ‘ವಿಶೇಷ ಗೆಳತಿ’ ಎಂದು.

ಅಂದು ಚರ್ಚ್‌ನಲ್ಲಿ ಒಂಟಿ ದನಿಯಲ್ಲಿ ಹಾಡಿದವರೂ ಅವರೇ. ಜನ ಕಣ್ಣೊರೆಸಿಕೊಂಡು ಎಂಥ ಕಂಠ ಎಂದರು. ನಿನಗೆ ಹೀಗಾಯಿತಲ್ಲ ಎಂದವರು ಒಬ್ಬರೂ ಇಲ್ಲ. ಆ ರಾಜ್ಯದಲ್ಲಿ 2014ರ ಅಕ್ಟೋಬರ್‌ನಿಂದಲೇ ಇವರ ಮದುವೆಗೆ ಕಾನೂನಿನ ಅಡ್ಡಿ ಇರಲಿಲ್ಲ. ಸಂಗಾತಿಯ ತಾಯಿ ಮನಸ್ಸು ಮಾಡಿ ಬರಲಿ ಎಂದು ಇಬ್ಬರೂ ಕಾಯುತ್ತಾ ಕೂತಿದ್ದರು.

ಸಮಾಜ ಒಪ್ಪದ, ಹಂಚಿಕೊಳ್ಳಲು ಜಾಗವಿಲ್ಲದ ಇಂಥ ಶೋಕಕ್ಕೆ ಅಮೆರಿಕದ ಶೋಕ ಸಂಶೋಧಕ ಕೆನೆತ್ ಡೋಕಾ 1989ರಲ್ಲೇ ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ಅದನ್ನು ಮಾನ್ಯತೆ ಸಿಗದ ಶೋಕ ಎಂದು ನಾನು ಕರೆಯುತ್ತೇನೆ. ಅಮೆರಿಕದ ಮನೋವೈದ್ಯರ ಕೈಪಿಡಿಯ 2022ರ ಆವೃತ್ತಿಯಲ್ಲಿ, ವಯಸ್ಕರಲ್ಲಿ ಹನ್ನೆರಡು ತಿಂಗಳು ದಾಟಿಯೂ ತೀವ್ರವಾಗಿ ಉಳಿದು ದಿನನಿತ್ಯದ ಬದುಕನ್ನು ಕೆಡಿಸುವ ಶೋಕವನ್ನು ಕಾಯಿಲೆಯಾಗಿ ಸೇರಿಸಲಾಗಿದೆ. ಹದಿನಾಲ್ಕು ತಿಂಗಳ ಲೆಕ್ಕ ಹಿಡಿದು ಆ ಕಾಯಿಲೆಯ ಹಣೆಪಟ್ಟಿ ಅಂಟಿಸಬಹುದಿತ್ತು. ನಾನು ಅಂಟಿಸಲಿಲ್ಲ. ಊಟ, ನಿದ್ದೆ, ಮಕ್ಕಳಿಗೆ ಗಿಟಾರ್ ಪಾಠ ಎಲ್ಲ ನಡೆಯುತ್ತಿತ್ತು. ಇವರ ಶೋಕ ಉದ್ದವಾದದ್ದಲ್ಲ, ಇನ್ನೂ ಶುರುವೇ ಆಗಿರಲಿಲ್ಲ ಅನ್ನಿಸಿತು. ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. “ಇಲ್ಲ, ಆದರೆ ಯಾಕೆ ಬದುಕಿದ್ದೇನೆ ಅನ್ನಿಸುತ್ತದೆ” ಎಂದರು. ಆತ್ಮಹತ್ಯೆ ತಡೆಯಲು ಅಮೆರಿಕದಲ್ಲಿರುವ 988 ಸಹಾಯವಾಣಿಯನ್ನು ಅವರ ಫೋನಿನಲ್ಲಿ ಸೇರಿಸಿಯೇ ಅಂದಿನ ಮಾತು ಮುಗಿಸಿದೆ.

ಕೊಟ್ಟ ಸಲಹೆ ಇದು. ಆಲ್ಬಮ್ಮನ್ನು ಎರಡು ತಿಂಗಳು ಬದಿಗಿಡಿ. ಮೊದಲು ಇನ್ನೊಂದು ಕಿರುಪುಸ್ತಕ ನೀವೇ ಬರೆಯಿರಿ: ಎಲ್ಲಿ ಭೇಟಿಯಾದಿರಿ, ಯಾವುದಕ್ಕೆ ಜಗಳವಾಡುತ್ತಿದ್ದಿರಿ, ಭಾನುವಾರ ಯಾರು ಅಡುಗೆ ಮಾಡುತ್ತಿದ್ದರು. ಅಗಲಿದವರ ಪಟ್ಟಿಯಲ್ಲಿ ನಿಮ್ಮ ಹೆಸರು ಎಲ್ಲಿರಬೇಕೋ ಅಲ್ಲಿ ಬರೆದುಕೊಳ್ಳಿ. ಸಂಜೆ ಇಪ್ಪತ್ತು ನಿಮಿಷ, ಧ್ವನಿಮುದ್ರಣ ಮಾಡದೆ, ಯಾರಿಗೂ ಕೇಳಿಸದೆ ಹಾಡಿ. ಇಪ್ಪತ್ತು ನಿಮಿಷವಾದ ಮೇಲೆ ಎದ್ದು ಪಾತ್ರೆ ತೊಳೆಯಿರಿ, ಯಾರಿಗಾದರೂ ಫೋನ್ ಮಾಡಿ. ಶೋಕ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಹೇಳಿದ್ದೂ ಇದೇ ಓಡಾಟ: ಶೋಕದಲ್ಲಿರುವವರು ಕಳೆದುಕೊಂಡದ್ದರ ಕಡೆಗೊಮ್ಮೆ, ಮುಂದಿನ ಬದುಕಿನ ಕಡೆಗೊಮ್ಮೆ ಹೋಗಿಬರುತ್ತಿರಬೇಕು. ಈಕೆಯ ಹಾಡುಗಳು ಒಂದೇ ಕಡೆಗೆ ಓಡುತ್ತಿದ್ದವು.

ಗಂಟಲಿಗೆ ಮದ್ದು ನನ್ನಿಂದ ಬರಲಿಲ್ಲ, ಅವರ ಅಜ್ಜಿಯಿಂದ ಬಂತು. ಹಳೆಯ ಕಪ್ಪು ಚರ್ಚ್‌ಗಳಲ್ಲಿ ಒಬ್ಬರು ಸಾಲು ಹೇಳಿಕೊಟ್ಟರೆ ಉಳಿದವರು ಎಳೆದು ಹಾಡುವ ಪದ್ಧತಿ ಇದೆ. ಮಾತು ಹೊರಡದಾಗ ಬಾಯಿ ಮುಚ್ಚಿ ಬರಿಯ ನಾದದಲ್ಲಿ ನರಳುವುದೂ ಅಲ್ಲಿ ಪ್ರಾರ್ಥನೆಯೇ. “ಅಜ್ಜಿ ಹಾಗೆ ಗುನುಗುತ್ತಿದ್ದಳು” ಎಂದು ತೋರಿಸಲು ಹೋಗಿ ಅವರು ನನ್ನ ಕೋಣೆಯಲ್ಲೇ ಐದು ನಿಮಿಷ ಗುನುಗಿದರು. ಗಂಟಲು ಕಟ್ಟಲಿಲ್ಲ. ನನಗೆ ನೆನಪಾದದ್ದು ಧಾರವಾಡದ ಕಡೆಯ ಹೆಂಗಸರು, ಸತ್ತವರ ಗುಣ ಎತ್ತಿ ಹಾಡಿಕೊಂಡು ಅಳುವುದು. ಅಲ್ಲಿ ಶ್ರುತಿ ತಪ್ಪಿತೆಂದು ಯಾರೂ ಹೇಳುವುದಿಲ್ಲ. ಪಕ್ಕದಲ್ಲಿ ಕೂತು ದನಿಗೂಡಿಸುತ್ತಾರೆ. ಇದನ್ನು ಅವರಿಗೂ ಹೇಳಿ, ಒಬ್ಬರೇ ಹಾಡಬೇಡಿ, ಸಾಲು ಹೇಳಿಕೊಡಲು ಇನ್ನೊಬ್ಬರನ್ನು ಕರೆಯಿರಿ ಎಂದೆ.

ಕಿರುಪುಸ್ತಕದ ಹನ್ನೊಂದು ಪ್ರತಿ ಅಂಗಡಿಯಲ್ಲಿ ಅಚ್ಚಾದವು. ಹತ್ತು ಜನ ಸ್ನೇಹಿತರು ಅವರ ಅಂಗಳದಲ್ಲಿ ಸೇರಿದರು. ಒಬ್ಬ ಗೆಳೆಯ ಸಾಲು ಹೇಳಿಕೊಟ್ಟ, ಇವರು ಗುಂಪಿನೊಳಗಿನ ಒಂದು ದನಿಯಾಗಿ ಹಾಡಿದರು. ಊಟದ ಹೊತ್ತಿಗೆ ಒಬ್ಬೊಬ್ಬರೂ ಬಂದು ಕೈ ಹಿಡಿದು, ಹೆಂಡತಿಯನ್ನು ಕಳೆದುಕೊಂಡವರಿಗೆ ಹೇಳುವ ಮಾತು ಹೇಳಿದರಂತೆ. ಹನ್ನೊಂದನೆಯ ಪ್ರತಿ ಸಂಗಾತಿಯ ತಾಯಿಗೆ ಅಂಚೆಯಲ್ಲಿ ಹೋಯಿತು. ಉತ್ತರ ಬಂದಿಲ್ಲ, ಬರದಿದ್ದರೂ ಕಳಿಸಬೇಕೇ ಎಂದು ಮೊದಲೇ ಎರಡು ವಾರ ಮಾತಾಡಿದ್ದೆವು.

ಇದನ್ನು ಓದುವ ಯಾರಾದರೂ ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಇದೇ ಸ್ಥಿತಿಯಲ್ಲಿರಬಹುದು. 2023ರ ಅಕ್ಟೋಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ, ಹಾಗಾಗಿ ‘ದುಃಖತಪ್ತರ’ ಪಟ್ಟಿಗೆ ನಿಮ್ಮನ್ನು ಸೇರಿಸುವ ಕಾಗದವೂ ನಿಮ್ಮ ಕೈಯಲ್ಲಿ ಇಲ್ಲದಿರಬಹುದು. ನಿಮ್ಮ ಸಂಬಂಧ ಗೊತ್ತಿರುವ ಒಬ್ಬರಿಗಾದರೂ ಹೆಸರಿಟ್ಟು ಹೇಳಿಕೊಳ್ಳಿ. ಯಾರೂ ಇಲ್ಲವೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಆಲ್ಬಮ್ ತಡವಾಗಿ, ಆರು ಹಾಡುಗಳೊಂದಿಗೆ ಹೊರಬಂತು. ಮೂರು ಹಾಡುಗಳ ಕೊನೆಯ ನುಡಿ ಬದಲಾಗಿದೆ. ಅವುಗಳಲ್ಲಿ ಆಕೆ ಇನ್ನೂ ಗುಣವಾಗಿಲ್ಲ. ಸಂದರ್ಶನಗಳಲ್ಲಿ ಸಾವಿನ ಬಗ್ಗೆ ಕೇಳಿದರೆ “ಹಾಡಿನಲ್ಲಿ ಹೇಳಿದಷ್ಟೇ ಹೇಳುತ್ತೇನೆ” ಎನ್ನುವುದನ್ನು ನಾವಿಬ್ಬರೂ ಅಭ್ಯಾಸ ಮಾಡಿದ್ದೆವು. ಗಂಟಲು ಈಗಲೂ ಒಮ್ಮೊಮ್ಮೆ ಕಟ್ಟುತ್ತದೆ. ತಿಂಗಳಿಗೊಮ್ಮೆ ಬರುತ್ತಾರೆ. ಏಳನೆಯ ಹಾಡನ್ನು ಅಡುಗೆಮನೆಗೆಂದು ಇಟ್ಟುಕೊಂಡಿದ್ದಾರೆ, ಅದನ್ನು ನಾನೂ ಕೇಳಿಲ್ಲ.